ಟ್ರೋಪೋನಿನ್ ಕಾರ್ಡ್: ಯಾವುದಕ್ಕೆ ಸೈ, ಯಾವುದಕ್ಕೆ ಸಾಲದು

ಎದೆನೋವೆಂದು ಬಂದವರ ರಕ್ತದಲ್ಲಿ ಟ್ರೋಪೋನಿನ್ ಐ (ಹೃದಯದ ಸ್ನಾಯುವಿಗೆ ಹಾನಿಯಾದಾಗ ರಕ್ತಕ್ಕೆ ಸೇರುವ ಪ್ರೋಟೀನ್) ಇದೆಯೇ ಎಂದು ಕಾಲು ಗಂಟೆಯಲ್ಲಿ ಹೇಳುವ ಕಾರ್ಡುಗಳನ್ನು ಈಗ ಸಣ್ಣ ನರ್ಸಿಂಗ್ ಹೋಂಗಳೂ ಇಟ್ಟುಕೊಳ್ಳುತ್ತವೆ. ಬೇರೆ ಬೇರೆ ಕಂಪನಿಗಳದ್ದು ಸಿಗುತ್ತದೆ, ಕೆಲಸ ಮಾಡುವ ಬಗೆ ಬಹುತೇಕ ಒಂದೇ. ಇಪ್ಪತ್ತನಾಲ್ಕು ಗಂಟೆಯ ಲ್ಯಾಬ್ ಇಲ್ಲದ ಕಡೆ ಇದು ಇರಲೇಬೇಕು. ಆದರೆ ಚಿಕಿತ್ಸೆ ಕೊಟ್ಟಾದ ಮೇಲೆ ಹೃದಯಕ್ಕೆ ರಕ್ತ ಹರಿಯಿತೇ ಎಂದು ತಿಳಿಯಲು ಇದನ್ನೇ ಮತ್ತೆ ಹಾಕುವುದು ದುಡ್ಡಿಗೂ ದಂಡ, ಸಮಯಕ್ಕೂ ದಂಡ.

ಮೊದಲು ಬಳಸುವ ಕ್ರಮ. ಕಾರ್ಡನ್ನು ಫ್ರಿಜ್ಜಿನಲ್ಲಿಟ್ಟಿದ್ದರೆ ಹೊರಗಿನ ಬಿಸಿಗೆ ಬರುವವರೆಗೆ ಪೊಟ್ಟಣ ಒಡೆಯಬಾರದು; ಒಡೆದರೆ ತೇವ ಕೂತು ಗೆರೆ ಸರಿಯಾಗಿ ಮೂಡುವುದಿಲ್ಲ. ಕಂಪನಿ ಹೇಳಿದಷ್ಟೇ ಹನಿ ಹಾಕಿ, ಸಾಮಾನ್ಯವಾಗಿ ಎರಡು ಮೂರು. 15 ನಿಮಿಷಕ್ಕೆ ಓದಿ, 20 ದಾಟಿದರೆ ಆ ಫಲಿತಾಂಶ ಬಿಟ್ಟುಬಿಡಿ. ತಡವಾಗಿ ಮೂಡುವ ಗೆರೆಗೆ ಬೆಲೆಯಿಲ್ಲ. 'ಸಿ' ಗೆರೆ (ಕಾರ್ಡ್ ಕೆಲಸ ಮಾಡಿತೆಂದು ತೋರಿಸುವ ಕಂಟ್ರೋಲ್ ಗೆರೆ) ಬರದಿದ್ದರೆ ಕಾರ್ಡೇ ಕೆಟ್ಟಿದೆ ಎಂದರ್ಥ. 'ಟಿ' ಗೆರೆ (ಟ್ರೋಪೋನಿನ್ ತೋರಿಸುವ ಟೆಸ್ಟ್ ಗೆರೆ) ಎಷ್ಟೇ ಮಸುಕಾಗಿದ್ದರೂ ಪಾಸಿಟಿವ್ ಎಂದೇ ಹಿಡಿಯಬೇಕು. ಹೆಚ್ಚಿನ ಕಾರ್ಡುಗಳನ್ನು 30 ಡಿಗ್ರಿಯೊಳಗೆ ಇಡಬೇಕೆಂದು ಡಬ್ಬದ ಮೇಲೇ ಬರೆದಿರುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಎಸಿ ಇಲ್ಲದ ಸ್ಟೋರ್ ರೂಮಿನ ಕಪಾಟು ಅದಕ್ಕೆ ತಕ್ಕ ಜಾಗವಲ್ಲ.

ದೊಡ್ಡ ಕೊರತೆ ಇರುವುದು ಮಿತಿಯಲ್ಲಿ. ಅನೇಕ ಕಾರ್ಡುಗಳು ಪ್ರತಿ ಮಿಲಿಲೀಟರಿಗೆ 0.5 ನ್ಯಾನೋಗ್ರಾಂ, ಅಂದರೆ ಲೀಟರಿಗೆ 500 ಆದ ಮೇಲಷ್ಟೇ ಗೆರೆ ತೋರಿಸುತ್ತವೆ. ಲ್ಯಾಬಿನಲ್ಲಿ ಮಾಡುವ ಅಬಾಟ್ ಕಂಪನಿಯ ಹೈ ಸೆನ್ಸಿಟಿವ್ ಟ್ರೋಪೋನಿನ್ ಐ ಪರೀಕ್ಷೆಯಲ್ಲಿ ಸಹಜವೆನ್ನುವ ಮೇಲ್ಮಿತಿ ಗಂಡಸರಿಗೆ ಲೀಟರಿಗೆ 34 ನ್ಯಾನೋಗ್ರಾಂ, ಹೆಂಗಸರಿಗೆ 16. ನೋವು ಶುರುವಾದ ಮೊದಲ ಮೂರ್ನಾಲ್ಕು ಗಂಟೆ ಕಾರ್ಡ್ ನೆಗೆಟಿವ್ ಬಂದರೆ ಅದನ್ನು ನಂಬಿ ಮನೆಗೆ ಕಳಿಸುವಂತಿಲ್ಲ. ಇಸಿಜಿಯಲ್ಲಿ ಎಸ್‌ಟಿ (ಬಡಿತದ ಗೆರೆಯ ಒಂದು ಭಾಗ; ಅದು ಮೇಲೆದ್ದರೆ ಹೃದಯದ ನಾಳ ಮುಚ್ಚಿದ ಸೂಚನೆ) ಮೇಲೆದ್ದಿದ್ದರಂತೂ ಕಾರ್ಡಿಗಾಗಿ ಒಂದು ನಿಮಿಷವೂ ಕಾಯಬಾರದು. ಎರಡು ಗಂಟೆಯೊಳಗೆ ಸ್ಟೆಂಟ್ ಹಾಕಿಸಲು ಸಾಧ್ಯವಿಲ್ಲವೆಂದಾದರೆ, ರಕ್ತಸ್ರಾವದ ಅಪಾಯಗಳನ್ನು ನೋಡಿಕೊಂಡು ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದೇ ದಾರಿ.

ಇಂಜೆಕ್ಷನ್ ಕೊಟ್ಟಾಯಿತು, ನಾಳ ತೆರೆಯಿತೇ? ಇಲ್ಲಿ ಕಾರ್ಡ್ ಪೂರ್ತಿ ಕೈಕೊಡುತ್ತದೆ. ಹೆಪ್ಪು ಕರಗಿ ರಕ್ತ ನುಗ್ಗಿದಾಗ, ಸತ್ತ ಸ್ನಾಯುವಿನಲ್ಲಿ ಕೂತಿದ್ದ ಟ್ರೋಪೋನಿನ್, ಸಿಕೆ-ಎಂಬಿ (ಹೃದಯ ಸ್ನಾಯುವಿನ ಕಿಣ್ವ) ಎಲ್ಲ ತೂಬು ಎತ್ತಿದ ಕೆರೆಯ ಕಸದಂತೆ ಒಮ್ಮೆಲೇ ಕೊಚ್ಚಿ ಬರುತ್ತವೆ. ಹಾಗಾಗಿ ಚಿಕಿತ್ಸೆ ಫಲಿಸಿದಾಗಲೇ ಅಂಕಿ ಬೇಗ ಏರುತ್ತದೆ. ನಾಳ ತೆರೆದರೆ ಸಿಕೆ-ಎಂಬಿ ಸುಮಾರು 12 ಗಂಟೆಗೇ ತುತ್ತತುದಿ ಮುಟ್ಟಿ ಇಳಿಯತೊಡಗುತ್ತದೆ. ಮುಚ್ಚಿಯೇ ಇದ್ದರೆ 24 ಗಂಟೆ ಹತ್ತಿರವಾಗುತ್ತದೆ. 'ಸ್ಟೆಂಟ್ ಹಾಕಿದ ಮೇಲೆ ಟ್ರೋಪೋನಿನ್ ಇನ್ನೂ ಜಾಸ್ತಿಯಾಗಿದೆ' ಎಂದು ಮನೆಯವರು ಗಾಬರಿಯಾಗುವುದುಂಟು. ಆ ಏರಿಕೆಯೊಂದರಿಂದಲೇ ಚಿಕಿತ್ಸೆ ಸೋತಿತು ಎನ್ನಲಾಗದು. ಎಷ್ಟು ಎತ್ತರಕ್ಕೆ ಏರಿತು ಎಂಬುದರಿಂದ ಸ್ನಾಯುವಿಗಾದ ಹಾನಿಯ ಅಂದಾಜು ಸಿಗುತ್ತದೆ. ಗೆರೆ ಮಾತ್ರ ತೋರಿಸುವ ಕಾರ್ಡಿಗೆ ಏರಿಳಿತ ಹೇಳುವ ಶಕ್ತಿಯಿಲ್ಲ, ಟ್ರೋಪೋನಿನ್ ಐ ವಾರ, ಹತ್ತು ದಿನ ರಕ್ತದಲ್ಲಿ ಉಳಿಯುವುದರಿಂದ ಅಷ್ಟೂ ದಿನ ಅದು ಪಾಸಿಟಿವ್ ತೋರಿಸುತ್ತಲೇ ಇರಬಹುದು.

ಆ ಹೊತ್ತಿಗೆ ಬೇಕಾದದ್ದು ಇನ್ನೊಂದು ಇಸಿಜಿ. ಇಂಜೆಕ್ಷನ್ ಆಗಿ 60ರಿಂದ 90 ನಿಮಿಷಕ್ಕೆ ತೆಗೆದು, ಮೊದಲು ಎಸ್‌ಟಿ ಅತಿ ಹೆಚ್ಚು ಎದ್ದಿದ್ದ ಲೀಡನ್ನೇ (ಇಸಿಜಿಯ ಹಲವು ಪಟ್ಟಿಗಳಲ್ಲಿ ಒಂದು) ಅಳೆಯಬೇಕು. ಎಸ್‌ಟಿ ಅರ್ಧಕ್ಕೂ ಇಳಿಯದಿದ್ದರೆ ನಾಳ ತೆರೆದಿಲ್ಲವೆಂದೇ ಭಾವಿಸಿ ತಕ್ಷಣ ಆಂಜಿಯೋಪ್ಲಾಸ್ಟಿ ಇರುವಲ್ಲಿಗೆ ಕಳಿಸಬೇಕು. ಇಳಿದಿದ್ದರೂ 2ರಿಂದ 24 ಗಂಟೆಯೊಳಗೆ ಆಂಜಿಯೋಗ್ರಾಂ ಆಗಲಿ. ಅಲ್ಲಿ ಟಿಮಿ 3 ಹರಿವು (ದೊಡ್ಡ ನಾಳದಲ್ಲಿ ರಕ್ತ ಸಹಜವಾಗಿ ಹರಿಯುವ ದರ್ಜೆ) ಕಂಡರೂ ಸೂಕ್ಷ್ಮ ನಾಳಗಳು ಕಟ್ಟಿಕೊಂಡೇ ಇರಬಹುದು. ಆಂಜಿಯೋಗ್ರಾಂ ಮಾಡುವ ಕ್ಯಾತ್ ಲ್ಯಾಬಿನಲ್ಲಿ ಇದಕ್ಕೆ ನೋ ರಿಫ್ಲೋ ಅನ್ನುತ್ತಾರೆ. ದಾಖಲಾದಾಗ ನ್ಯೂಟ್ರೋಫಿಲ್–ಲಿಂಫೋಸೈಟ್ ಅನುಪಾತ (ಎರಡು ಬಗೆಯ ಬಿಳಿ ರಕ್ತಕಣಗಳದ್ದು), ಸಿಆರ್‌ಪಿ (ಉರಿಯೂತದ ಸೂಚಕ), ಎನ್‌ಟಿ-ಪ್ರೋಬಿಎನ್‌ಪಿ (ಹೃದಯದ ಮೇಲಿನ ಒತ್ತಡದ ಸೂಚಕ) ಹೆಚ್ಚಿದ್ದವರಲ್ಲಿ ಇದು ಹೆಚ್ಚು ಕಂಡುಬರುತ್ತದೆ. ಆ ಅನುಪಾತಕ್ಕೆ ಬೇರೆ ಖರ್ಚೇ ಇಲ್ಲ, ಮಾಮೂಲಿ ಸಿಬಿಸಿ (ರಕ್ತಕಣಗಳ ಎಣಿಕೆ) ವರದಿಯಲ್ಲೇ ಇದೆ. ಆದರೂ ಒಬ್ಬ ರೋಗಿಯ ಚಿಕಿತ್ಸೆಯನ್ನು ಇದೊಂದರ ಮೇಲೆ ಬದಲಿಸುವಷ್ಟು ಗಟ್ಟಿ ಸೂಚಕ ಇದಲ್ಲ.

ಲ್ಯಾಬಿಗೆ ಕಳಿಸುವುದಾದರೆ ಟ್ಯೂಬಿನ ಕಡೆ ಗಮನವಿರಲಿ. ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಪಡೆದವರ ರಕ್ತ ಕೆಂಪು ಮುಚ್ಚಳದ ಟ್ಯೂಬಿನಲ್ಲಿ ಬೇಗ ಹೆಪ್ಪುಗಟ್ಟುವುದಿಲ್ಲ. ಅವಸರದಲ್ಲಿ ಸೆಂಟ್ರಿಫ್ಯೂಜ್ ಮಾಡಿದರೆ ಸೀರಂನಲ್ಲಿ ಫೈಬ್ರಿನ್ ಎಳೆ ಉಳಿದು ಟ್ರೋಪೋನಿನ್ ಸುಳ್ಳೇ ಹೆಚ್ಚು ತೋರಿಸಬಹುದು. ಯಂತ್ರಕ್ಕೆ ಒಪ್ಪುವುದಾದರೆ ಹಸಿರು ಮುಚ್ಚಳದ ಲಿಥಿಯಂ ಹೆಪಾರಿನ್ ಟ್ಯೂಬೇ ಲೇಸು. ಮೊದಲನೆಯದು, ಮತ್ತೆ ತೆಗೆದದ್ದು, ಎರಡು ಸ್ಯಾಂಪಲ್ಲೂ ಒಂದೇ ಲ್ಯಾಬಿಗೆ ಹೋಗಬೇಕು. ಟ್ರೋಪೋನಿನ್ ಐ ಅಂಕಿಯನ್ನು ಇನ್ನೊಂದು ಬಗೆಯಾದ ಟ್ರೋಪೋನಿನ್ ಟಿ ಅಂಕಿಯ ಜೊತೆ ಹೋಲಿಸಲು ಬರುವುದಿಲ್ಲ. ಕಿಡ್ನಿ ತೊಂದರೆಯವರಲ್ಲಿ ಮೊದಲಿನಿಂದಲೂ ಅಂಕಿ ಹೆಚ್ಚಿರಬಹುದು, ಅಲ್ಲಿ ಮೂರು ಗಂಟೆ ಬಿಟ್ಟು ಮಾಡಿದ ಎರಡನೆಯ ಪರೀಕ್ಷೆಯೇ ದಾರಿ ತೋರಿಸುವುದು.

ಕೊಳ್ಳುವವರು ಎಕ್ಸ್‌ಪೈರಿ ದೂರವಿರುವ ಸಣ್ಣ ಡಬ್ಬ ಕೊಳ್ಳಿ. ಮಿತಿ ಎಷ್ಟೆಂದು ಒಳಗಿನ ಚೀಟಿಯಲ್ಲಿ ನೋಡಿ ಟ್ರೇ ಮೇಲೆ ಅಂಟಿಸಿ. ರೋಗಿಯನ್ನು ಕಳಿಸುವಾಗ ರೆಫರಲ್ ಚೀಟಿಯಲ್ಲಿ ಬರೀ 'ಟ್ರೋಪ್ ಪಾಸಿಟಿವ್' ಎಂದು ಬರೆದರೆ ಸಾಲದು; ನೋವು ಶುರುವಾದ ಗಂಟೆ, ಇಂಜೆಕ್ಷನ್ ಕೊಟ್ಟ ಗಂಟೆ, ಡೋಸು ಬರೆದು, ಎರಡೂ ಇಸಿಜಿಗಳನ್ನು ಸಮಯ ಹಾಕಿ ಪಿನ್ ಮಾಡಿ ಕೊಡಿ.