ಊರಿಗೆ ಕಾರ್ಖಾನೆ ಬರ್ತಿದ್ರೆ: ಆರ್‌ಟಿಐ ಅರ್ಜಿಯೋ, ಅಹವಾಲು ಸಭೆಯೋ?

ಕೈಯಲ್ಲಿ ಇರುವುದು ಎರಡು ದಾರಿ. ಒಂದು 2005ರ ಮಾಹಿತಿ ಹಕ್ಕು ಕಾಯ್ದೆ (ಆರ್‌ಟಿಐ), ಇನ್ನೊಂದು 2006ರ ಪರಿಸರ ಅಧಿಸೂಚನೆಯ ಪ್ರಕಾರ ನಡೆಯುವ ಸಾರ್ವಜನಿಕ ಅಹವಾಲು ಸಭೆ, ಅಂದರೆ ಯೋಜನೆಗೆ ಪರಿಸರ ಅನುಮತಿ ಕೊಡುವ ಮೊದಲು ಊರಿನವರ ಮಾತು ಕೇಳುವ ಸಭೆ.

ಆರ್‌ಟಿಐಗೆ 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. ಹಾಗಾಗಿ "ಎಲ್ಲಾ ದಾಖಲೆ ಕೊಡಿ" ಅಂತ ಸುಮ್ನೆ ಬರೆಯಬೇಡಿ, ಯಾವ ಕಡತ, ಯಾವ ವರ್ಷ ಅಂತ ಕೇಳಿ. ಆದರೆ ಇಲ್ಲಿ ಸಿಗುವುದು ಕಾಗದ ಮಾತ್ರ, ನಿಮ್ಮ ವಿರೋಧ ಎಲ್ಲೂ ದಾಖಲಾಗುವುದಿಲ್ಲ.

ಸಭೆಯ ಬಲ ಅಲ್ಲೇ ಇದೆ. ಮಾಲಿನ್ಯ ನಿಯಂತ್ರಣ ಮಂಡಳಿ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ತಿಳಿಸಬೇಕು, ಸಭೆಯ ವಿಡಿಯೋ ಆಗಬೇಕು, ಜನ ಹೇಳಿದ್ದನ್ನು ಬರೆದುಕೊಂಡು ಕೊನೆಗೆ ಅಲ್ಲೇ ನಮ್ಮ ಭಾಷೆಯಲ್ಲಿ ಓದಿ ಹೇಳಬೇಕು. ಓದದೆ ಎದ್ದು ಹೊರಟರೆ ಬಿಡಬೇಡಿ, ಕೇಳಿ. ಬರಲಾಗದವರು ಲಿಖಿತವಾಗಿ ಕೊಡಬಹುದು. ಕೊರತೆಯೂ ಇದೆ: ಇಷ್ಟೇ ಜನ ಸೇರಬೇಕು ಅನ್ನುವ ನಿಯಮವಿಲ್ಲ, ಊರೆಲ್ಲ ಬೇಡ ಅಂದರೂ ಯೋಜನೆ ತಾನಾಗಿ ನಿಲ್ಲುವುದಿಲ್ಲ, ಕೆಲವು ಯೋಜನೆಗಳಿಗೆ ಸಭೆಯೇ ಇಲ್ಲ.

ಸಭೆಯ ಪ್ರಕಟಣೆ ಬಂದಿದ್ದರೆ ನನ್ನ ಆಯ್ಕೆ ಸಭೆಯೇ. ಆರ್‌ಟಿಐ ಉತ್ತರಕ್ಕೆ ಕಾಯುತ್ತಾ ಕೂತರೆ ದಿನಾಂಕ ದಾಟಿಹೋಗುತ್ತದೆ ಅಲ್ವಾ? ಯೋಜನೆಯಿಂದ ಪರಿಸರಕ್ಕೆ ಏನಾಗುತ್ತದೆ ಅನ್ನುವ ವರದಿಯ ಕರಡು ಜಿಲ್ಲಾಧಿಕಾರಿ ಕಚೇರಿಯಲ್ಲೇ ನೋಡಲು ಸಿಗಬೇಕು, ಅದನ್ನು ಓದಿಕೊಂಡೇ ಹೋಗಿ. ಅನುಮತಿ ಸಿಕ್ಕಮೇಲೆ ಮಾತ್ರ ಆರ್‌ಟಿಐ ಜಾಸ್ತಿ ಉಪಯೋಗ: ಕಂಪನಿ ಆರು ತಿಂಗಳಿಗೊಮ್ಮೆ ಸಲ್ಲಿಸಬೇಕಾದ ಷರತ್ತು ಪಾಲನೆಯ ವರದಿ ಕೇಳಿ.