ಚಳಿಯಲ್ಲಿ ಕತ್ತರಿ ಹಿಡಿಯೋ ಮುಂಚೆ ಯೋಚಿಸುವ ಮಾಲಿ

ಡಿಸೆಂಬರಿನಲ್ಲಿ ಗಿಡ ಸವರಿಸೋಣ ಅಂತ ಬೆಂಗಳೂರಿನ ನಮ್ಮ ಮನೆ ಹತ್ತಿರದ ನರ್ಸರಿಯಿಂದ ಮಾಲಿಯನ್ನು ಕರೆಸಿದ್ದೆ. ಎಲ್ಲವನ್ನೂ ಸುಮ್ನೆ ಬೋಳಿಸಿ ದುಡ್ಡು ತಗೊಂಡು ಹೋಗಬಹುದಿತ್ತು ಅಲ್ವಾ, ಆದರೆ ಅವರು ಮೊದಲು ಒಂದೊಂದು ಗಿಡವನ್ನೂ ನೋಡಿದರು. ದುಂಡು ಮಲ್ಲಿಗೆಯನ್ನು ನೆಲದಿಂದ ಒಂದೂವರೆ ಅಡಿಗೆ ಕತ್ತರಿಸಿದರು, ಯಾಕಂದ್ರೆ ಅದರ ಮೊಗ್ಗು ಬರುವುದು ಹೊಸ ಚಿಗುರಿನಲ್ಲಿ, ಈಗ ಸವರಿದರೆ ಬೇಸಿಗೆಗೆ ಹೂ ಜಾಸ್ತಿ. ದಾಸವಾಳದಲ್ಲಿ ಒಣಗಿದ ಕಡ್ಡಿ ಮಾತ್ರ ತೆಗೆದರು. ಚಳಿಗೆ ಚಿಗುರು ನಿಧಾನ, ಸಂಕ್ರಾಂತಿ ಕಳೆದು ಬಿಸಿಲು ಏರಲಿ ಮೇಡಂ ಅಂದರು. ಬೋಗನ್‌ವಿಲ್ಲಾ ಸವರೋದು ಹೂ ಮುಗಿದ ಮೇಲೆ ಅಂತಲೂ ಹೇಳಿದರು. ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿ ಒರೆಸಿಕೊಳ್ಳುತ್ತಿದ್ದರು, ಅದು ನನಗೆ ತುಂಬಾ ಹಿಡಿಸಿತು. ಬಂದಿದ್ದು ಎರಡು ಗಂಟೆ ತಡ, ಕಸ ನಾವೇ ಎತ್ತಬೇಕಾಯಿತು. ಆದರೂ ಫೆಬ್ರವರಿಯಲ್ಲಿ ದಾಸವಾಳಕ್ಕೆ ಇವರನ್ನೇ ಕರೆಯುತ್ತೇನೆ.