ವೈರ್‌ಲೆಸ್ ಮೈಕ್ ತಗೊಂಡು ಎರಡು ವರ್ಷ: ಗದಗಿನ ನಮ್ಮ ತಂಡದ ಅನುಭವ

ನಮ್ಮದು ಗದಗ-ಬೆಟಗೇರಿ. ಒಂಬತ್ತು ಮಂದಿ ಸೇರಿ ಹಾಡೂ ತಂಡ ಐತಿ, ವಚನ, ತತ್ವಪದ, ಭಾವಗೀತೆ, ಮದುವಿ ಮನ್ಯಾಗ ಕೇಳಿದ್ರ ಹಳೇ ಸಿನಿಮಾ ಹಾಡೂ ಆಗ್ತಾವು. ಹಾರ್ಮೋನಿಯಂ, ತಬಲಾ, ಕೀಬೋರ್ಡ್, ಮ್ಯಾಲೆ ನನ್ನ ಅಕ್ಕನ ಮಗಂದು ಒಂದು ಗಿಟಾರ್. ಹಾಡೂದರ ಜೋಡಿ ಮಿಕ್ಸರ್ ಮುಂದ ಕುಂದ್ರೂ ಕೆಲಸಾನೂ ನನ್ನದೇ, ಯಾಕಂದ್ರ ಸೌಂಡಿನವರನ್ನ ಬ್ಯಾರೆ ಕರಕೊಂಡು ಹೋಗೂವಷ್ಟು ರೊಕ್ಕ ನಮಗ ಸಿಗಂಗಿಲ್ಲ. ಎರಡು ವರ್ಷದ ಹಿಂದ ಶೂರ್ ಕಂಪನಿಯ ಬಿಎಲ್‌ಎಕ್ಸ್ ವೈರ್‌ಲೆಸ್ ಸೆಟ್ ಎರಡು ತಗೊಂಡ್ವಿ, ಒಂದು ಕೈಯಾಗ ಹಿಡಿಯೂ ಮೈಕ್, ಇನ್ನೊಂದು ಗಿಟಾರಿಗೆ, ಸೊಂಟಕ್ಕ ಸಿಗಿಸಿಕೊಳ್ಳೂ ಡಬ್ಬಿ ಇರೂದು. ಭಾಳ ಮಂದಿ ಹೆಂಗೈತಿ, ತಗೋಬಹುದಾ ಅಂತ ಕೇಳಾಕತ್ತಾರ, ಅದಕ್ಕ ಬಿಡಿಸಿ ಬರೀತೀನಿ.

ಮೊದಲು ವೈರ್ ಯಾಕ ಬ್ಯಾಡಾತು ಅಂದ್ರ, ಹಾವೇರಿ ಕಡೆ ಒಂದೂರ ಜಾತ್ರ್ಯಾಗ ನಮ್ಮ ಕಾಕಾ ಹಾಡಾಕತ್ತಿದ್ರು. ಅವರಿಗೆ 68 ವಯಸ್ಸು, ತತ್ವಪದ ಹಿಡದ್ರಂದ್ರ ನಿಂತಲ್ಲೇ ನಿಂದ್ರಾಕ ಆಗೂದಿಲ್ಲ, ಒಂದು ನುಡಿ ಮಂದಿ ಕಡೆ ಹೋಗಿ ಹಾಡಿದ್ರೇ ಅವರಿಗೆ ಸಮಾಧಾನ. ಹಂಗ ಹೋಗಾಕತ್ತಾಗ ಮೈಕಿನ ವೈರ್ ತಬಲಾದವನ ಕಾಲಿಗೆ ಸುತ್ತಿ, ಜಗ್ಗಿ, ಕಾಕಾ ಸ್ಟೇಜಿನ ತುದಿಗೆ ಮೊಣಕಾಲೂರಿ ಬಿದ್ರು. ದೇವರ ದಯಾ, ಕೆಳಗ ಬೀಳಲಿಲ್ಲ. ಅವತ್ತ ರಾತ್ರಿ ಗಾಡ್ಯಾಗ ಬರೂ ಮುಂದ ಯಾರೂ ಮಾತಾಡ್ಲಿಲ್ಲ, ನಾನು ಮನಸಿನ್ಯಾಗೇ ನಿರ್ಧಾರ ಮಾಡಿದೆ, ಇನ್ನ ಕಾಕಾನ ಕೈಗೆ ವೈರ್ ಇರೂ ಮೈಕ್ ಕೊಡಂಗಿಲ್ಲ ಅಂತ.

ಸೀದಾ ಚಲೋ ಸೆಟ್ಟಿಗೆ ಹೋಗ್ಲಿಲ್ಲ. ಮೊದಲು ಪರಿಚಯದವರೊಬ್ಬರ ಕಡಿಂದ ಒಂದು ಹಳೇ ಸೆಟ್ ತಗೊಂಡ್ವಿ, ಕಂಪನಿ ಹೆಸರು ಬರಿಯಂಗಿಲ್ಲ. ಮನ್ಯಾಗ ಹಚ್ಚಿದ್ರ ಚಲೋ ಬರ್ತಿತ್ತು, ಸ್ಟೇಜಿಗೆ ಹೋದ್ರ ಚರ್ರ್ ಅನ್ನೂದು, ನಡುನಡುವ ದನಿ ನಿಂತು ಹೋಗೂದು. ಮೈಕಿನ ಹೊಟ್ಟಿ ಮ್ಯಾಲಿನ ಚೀಟಿ ಓದಿದಾಗ ಗೊತ್ತಾತು, ಅದು 700 ಮೆಗಾಹರ್ಟ್ಸ್ ಪಟ್ಟ್ಯಾಗ (ಪಟ್ಟಿ ಅಂದ್ರ ಬ್ಯಾಂಡ್, ಒಂದರ ಪಕ್ಕ ಒಂದು ಇರೂ ಫ್ರೀಕ್ವೆನ್ಸಿಗಳ ಸಾಲು) ಒಂದೇ ಫ್ರೀಕ್ವೆನ್ಸಿಗೆ ಕೂಡಿಸಿದ್ದು, ಬದಲಿ ಮಾಡಾಕ ಬರಂಗಿಲ್ಲ. ಆ ಪಟ್ಟಿ ನಮ್ಮ ದೇಶದಾಗ 2022ರ ಹರಾಜಿನ್ಯಾಗ ಮೊಬೈಲ್ 5ಜಿಗೆ ಹೋಗೇತಿ. ಅಮೆರಿಕಾದಾಗೂ ಹಂಗೇ, 600 ಮೆಗಾಹರ್ಟ್ಸ್ ಪಟ್ಟ್ಯಾಗ ಮೊಬೈಲಿಗೆ ಹೋದ ಭಾಗದಾಗ 2020ರ ಜುಲೈ ಆದಮ್ಯಾಲೆ ವೈರ್‌ಲೆಸ್ ಮೈಕ್ ಬಳಸಂಗಿಲ್ಲ ಅಂತ ಮಾಡ್ಯಾರ. ಅದಕ್ಕ ಫಾರಿನ್ನಿಂದ ಯಾರರ ಸೋವಿಗೆ ತಂದು ಕೊಡ್ತೀನಿ ಅಂದ್ರ ಮೊದಲು ಚೀಟಿ ಮ್ಯಾಲಿನ ನಂಬರ್ ಫೋಟೋ ಹೊಡದು ಕಳಸು ಅನ್ರಿ. ದೇಶಕ್ಕೊಂದು ಪಟ್ಟಿ ಇರ್ತೈತಿ, ಒಂದೇ ಮಾಡೆಲ್ಲಿನ ಹೆಸರಿದ್ರೂ ಒಳಗಿನ ಫ್ರೀಕ್ವೆನ್ಸಿ ಬ್ಯಾರೆ ಇರ್ತೈತಿ. ನಮ್ಮ ದೇಶಕ್ಕಂತ ಮಾರೂ ಸೆಟ್ಟೇ ತಗೋರಿ.

ಆಮ್ಯಾಲೆ ಹುಬ್ಬಳ್ಳಿಗೆ ಹೋಗಿ ಕೊಪ್ಪಿಕರ್ ರೋಡ್ ಕಡೆ ಒಂದು ಅಂಗಡ್ಯಾಗ ಈ ಸೆಟ್ ನೋಡಿದ್ವಿ. ಅಂಗಡಿಯವರು ಭಾಳ ಸಮಾಧಾನದವರು, ಅಣ್ಣಾರ ನೀವೇ ಹಾಡಿ ನೋಡ್ರಿ ಅಂತ ಬಿಚ್ಚಿ ಕೈಗೆ ಕೊಟ್ರು. ಕೈ ಮೈಕಿನ ತಲಿ ಎಸ್‌ಎಂ58, 1966ರಿಂದ ಬರಾಕತ್ತಿದ್ದು, ನಾವು ವೈರಿನ್ಯಾಗ ಬಳಸ್ತಿದ್ದದ್ದೂ ಅದೇ, ಹಿಂಗಾಗಿ ಕಾಕಾಗ ದನಿ ಹೊಸಾದು ಅನಸ್ಲೇ ಇಲ್ಲ. ಇನ್ನೊಂದು ಮಾತು, ಇದು ಅನಲಾಗ್ ಸೆಟ್, ದನೀನ ಡಿಜಿಟಲ್ ಅಂಕಿಗೆ ಬದಲಿ ಮಾಡದೇ ಕಳಸ್ತೈತಿ, ದನಿ ತಡಾ ಆಗಿ ಬರೂ ತ್ರಾಸಿಲ್ಲ. 2.4 ಗಿಗಾಹರ್ಟ್ಸಿನ ಡಿಜಿಟಲ್ ಸೆಟ್ಟಿನ್ಯಾಗ ಕೆಲವು ಮಿಲಿಸೆಕೆಂಡ್ ತಡಾ ಇರ್ತೈತಿ, ಹಾಡೂವರಿಗೆ ಅದು ಗೊತ್ತಾಗೂದು ಕಮ್ಮಿ, ಆದ್ರ ಆ ಪಟ್ಟ್ಯಾಗೇ ವೈಫೈ, ಬ್ಲೂಟೂತ್ ಎಲ್ಲಾ ಓಡಾಡ್ತಾವು. ಮನ್ಯಾಗ, ಕ್ಲಾಸಿನ್ಯಾಗ ನಡೀತೈತಿ, ಸಾವಿರ ಮಂದಿ ಕಿಸೆದಾಗ ಫೋನ್ ಇಟಗೊಂಡು ಕುಂತ ಜಾತ್ರ್ಯಾಗ ನನಗ ಧೈರ್ಯ ಬರಂಗಿಲ್ಲ.

ಈಗ ಮುಖ್ಯ ವಿಷಯಕ್ಕ ಬರ್ತೀನಿ. ಸೆಟ್ ಎಷ್ಟು ದೊಡ್ಡ ಕಂಪನಿದಿದ್ರೂ ರಿಸೀವರ್, ಅಂದ್ರ ಮೈಕಿನ ಸಿಗ್ನಲ್ ಹಿಡಿಯೂ ಡಬ್ಬಿ, ಎಲ್ಲಿ ಇಡ್ತೀರಿ ಅನ್ನೂದರ ಮ್ಯಾಲೇ ಅರ್ಧ ಆಟ ಐತಿ. ಮೊದಲ ಪ್ರೋಗ್ರಾಮಿನ್ಯಾಗ ನಾನು ಅದನ್ನ ಮಿಕ್ಸರ್ ಟೇಬಲ್ಲಿನ ಕೆಳಗ, ಆಂಪ್ಲಿಫೈಯರಿನ ಹಿಂದ ಇಟ್ಟಿದ್ದೆ, ಚಂದ ಕಾಣಲಿ ಅಂತ. ಕಾಕಾ ಮಂದ್ಯಾಗ ಇಳದು ನಾಲ್ಕನೇ ಸಾಲಿಗೆ ಹೋಗೂದರಾಗ ದನಿ ಕಟ್ ಆತು. ಕಂಪನಿ ಹೇಳೂ ದೂರ 91 ಮೀಟರ್, ಆದ್ರ ಅದು ನಡುವ ಏನೂ ಅಡ್ಡ ಇಲ್ಲದಾಗ. ಮನಷ್ಯಾನ ಮೈಯಾಗ ನೀರೇ ಜಾಸ್ತಿ, ಅದು ಸಿಗ್ನಲ್ ಹೀರತೈತಿ. ಎರಡು ಸಾಲು ಮಂದಿ ಎದ್ದು ನಿಂತ್ರಂದ್ರ ಗ್ವಾಡಿ ಕಟ್ಟಿದಂಗ. ಈಗ ನಾನು ರಿಸೀವರನ್ನ ಸ್ಟೇಜಿನ ಪಕ್ಕದಾಗ ಒಂದು ಸ್ಟ್ಯಾಂಡ್ ಮ್ಯಾಲೆ ಆಳೆತ್ತರಕ್ಕಿಂತ ಎತ್ತರ ಇಡ್ತೀನಿ, ಅಲ್ಲಿಂದ ಮಿಕ್ಸರಿಗೆ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಮೈಕ್) ಕೇಬಲ್ ಉದ್ದಕ ಎಳೀತೀನಿ. ರಿಸೀವರಿನಿಂದ ಮುಂದಿನ ಈ ಕೇಬಲ್ ಉದ್ದಾದ್ರೂ ನಡೀತೈತಿ, ಕಾಕಾ ರಿಸೀವರಿಗೆ ಕಾಣೂದು ತಪ್ಪಬಾರದು, ಅಷ್ಟೇ.

ತಗಡಿನ ಪೆಂಡಾಲಿನ್ಯಾಗ ಇನ್ನೊಂದು ಆಟ ನಡೀತೈತಿ. ಸಿಗ್ನಲ್ ತಗಡಿಗೆ ಬಡದು ತಿರಗಿ ಬರ್ತೈತಿ, ಸೀದಾ ಬಂದ ಅಲಿ ಮತ್ತ ತಿರಗಿ ಬಂದ ಅಲಿ ಒಂದಕ್ಕೊಂದು ಎದುರಾಗಿ ಒಂದೊಂದು ಜಾಗದಾಗ ಕೊಂದುಕೊಳ್ತಾವು. 600 ಮೆಗಾಹರ್ಟ್ಸಿಗೆ ಒಂದು ಅಲಿ ಉದ್ದ ಅರ್ಧ ಮೀಟರ್, ಹಂಗಾಗಿ ಹಾಡೂವರು ಒಂದು ಹೆಜ್ಜಿ ಈ ಕಡೆ ಬಂದ್ರ ದನಿ ಮತ್ತ ಬರ್ತೈತಿ. ಈ ರಿಸೀವರಿನೊಳಗ ಎರಡು ಆಂಟೆನಾ ಇದ್ದು ಯಾವುದಕ್ಕ ಸಿಗ್ನಲ್ ಚಲೋ ಬರ್ತೈತೋ ಅದನ್ನ ತಾನೇ ಆರಿಸ್ಕೊಳ್ತೈತಿ, ಅದರಿಂದ ಈ ತ್ರಾಸು ಭಾಳ ಕಮ್ಮಿ ಆಗೇತಿ. ಹಂಗಂತ ರಿಸೀವರನ್ನ ಕಬ್ಬಣದ ಟ್ರಂಕಿನ ಮ್ಯಾಲೆ, ಎಲ್‌ಇಡಿ ಗ್ವಾಡಿಯ ಬೆನ್ನಿಗೆ ಹಚ್ಚಿ ಇಡಬ್ಯಾಡ್ರಿ, ಆ ಎಲ್‌ಇಡಿ ಪರದೆನೂ ಗದ್ದಲದ ಅಲಿ ಬಿಡ್ತಾವು.

ಚಾನೆಲ್ ಹುಡುಕೂದು ಸರಳ ಐತಿ. ರಿಸೀವರಿನ ಬಟನ್ ಒತ್ತಿ ಸ್ಕ್ಯಾನ್ ಮಾಡಿಸಿದ್ರ ಖಾಲಿ ಇರೂ ಚಾನೆಲ್ ತಾನೇ ಹುಡುಕ್ತೈತಿ, ಆಮ್ಯಾಲೆ ಮೈಕಿನ್ಯಾಗ ಅದೇ ಗ್ರೂಪ್, ಅದೇ ಚಾನೆಲ್ ಕೈಲೆ ಕೂಡಿಸ್ಬೇಕು. ಸ್ಕ್ಯಾನ್ ಮಾಡೂ ಮುಂದ ನಿಮ್ಮ ಮೈಕ್ ಬಂದ್ ಇರಲಿ, ಉಳದ ಲೈಟು, ಎಲ್‌ಇಡಿ, ಜನರೇಟರ್ ಎಲ್ಲಾ ಚಾಲೂ ಇರಲಿ, ಯಾಕಂದ್ರ ಮಧ್ಯಾಹ್ನ ಖಾಲಿ ಪೆಂಡಾಲಿನ್ಯಾಗ ಸಿಕ್ಕ ಚಾನೆಲ್ ರಾತ್ರಿ ಲೈಟ್ ಹಚ್ಚಿದ ಮ್ಯಾಲೆ ಚಲೋ ಇರ್ತೈತಿ ಅನ್ನಾಕ ಆಗಂಗಿಲ್ಲ. ಎರಡನೇ ಸೆಟ್ ಕೂಡಿಸೂ ಮುಂದ ಮಾತ್ರ ಮೊದಲನೇ ಮೈಕ್ ಚಾಲೂ ಇಡ್ರಿ, ಅದರ ಚಾನೆಲ್ ಬಿಟ್ಟು ಬ್ಯಾರೆ ಹುಡುಕ್ತೈತಿ. ಎರಡೂ ಒಂದೇ ಗ್ರೂಪಿನ್ಯಾಗ ಇರಬೇಕು, ಚಾನೆಲ್ ಬ್ಯಾರೆ ಬ್ಯಾರೆ. ಒಂದು ಗ್ರೂಪಿನ ಚಾನೆಲ್‌ಗೋಳು ಒಂದಕ್ಕೊಂದು ಜಗಳಾಡದಂಗ ಲೆಕ್ಕಾ ಹಾಕಿ ಇಟ್ಟಿರ್ತಾರ. ಚಾಲೂ ಇರೂ ಎರಡು ಮೈಕ್ ಒಂದರ ಪಕ್ಕ ಒಂದು ಟೇಬಲ್ ಮ್ಯಾಲೆ ಮಲಗಿಸಿ ಇಡೂದೂ ತಪ್ಪು, ಅವೆರಡೂ ಕೂಡಿ ಮೂರನೇದೊಂದು ಫ್ರೀಕ್ವೆನ್ಸಿ ಹುಟ್ಟಸ್ತಾವು.

ನಮ್ಮ ಗದಗ ವೀರೇಶ್ವರ ಪುಣ್ಯಾಶ್ರಮ ಇರೂ ಊರು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಹಾಡಿದ, ಕಲಿಸಿದ ಮಣ್ಣು. ಇಲ್ಲಿ ಮುಂದಿನ ಸಾಲಿನ್ಯಾಗ ಕುಂತ ಅಜ್ಜಗ ಶ್ರುತಿ ಒಂಚೂರು ಸರದ್ರೂ ಗೊತ್ತಾಗ್ತೈತಿ, ದನಿಯ ಕೊನೀ ಎಳಿ ಹೆಂಗ ಕರಗ್ತು ಅನ್ನೂದನ್ನೂ ಕೇಳ್ತಾನ. ಹಳೇ ಸೆಟ್ಟಿನ್ಯಾಗ ಹಾಡೂವರು ಸುಮ್ಮನಾದ ಕೂಡ್ಲೇ ಒಂದು ಉಸ್ಸ್ ಅನ್ನೂ ಸಪ್ಪಳ ಮ್ಯಾಲೆ ಬರ್ತಿತ್ತು. ಅನಲಾಗ್ ಸೆಟ್ಟಿನ್ಯಾಗ ದನೀನ ಒತ್ತಿ ಕಳಿಸಿ ಆ ಕಡೆ ಬಿಚ್ಚೂ ಪದ್ಧತಿ ಐತಿ, ಅದು ಸರಿ ಆಗದಿದ್ರ ಹಿಂಗ ಆಗ್ತೈತಿ. ಈ ಹೊಸ ಸೆಟ್ಟಿನ್ಯಾಗ ಕಾಕಾನ ತಗ್ಗಿನ ಸ್ವರ ಮುಗದ ಮ್ಯಾಲೆ ಬರೇ ಮೌನ ಉಳೀತೈತಿ, ನನಗ ಈ ಸೆಟ್ಟಿನ್ಯಾಗ ಎಲ್ಲಾಕ್ಕಿಂತ ಹೆಚ್ಚು ಸೇರಿದ್ದು ಇದೇ. ಆದ್ರ ಇದಕ್ಕ ಗೇನ್, ಅಂದ್ರ ದನೀನ ಎಷ್ಟು ಹೆಚ್ಚಿಸಬೇಕು ಅನ್ನೂದು, ಸರಿ ಇರಬೇಕು. ಕಾಕಾ ಏರು ಸ್ವರಕ್ಕ ಹೋದಾಗ ರಿಸೀವರಿನ ಆಡಿಯೋ ದೀಪ ಕೆಂಪಾಗಬಾರದು, ಕೆಂಪಾದ್ರ ಮಿಕ್ಸರಿನ್ಯಾಗ ಕಡಿಮಿ ಮಾಡಿ ಉಪಯೋಗಿಲ್ಲ, ದನಿ ಮೊದಲೇ ಒಡದಿರ್ತೈತಿ, ಟ್ರಾನ್ಸ್‌ಮಿಟರಿನ್ಯಾಗೇ, ಅಂದ್ರ ದನಿ ಕಳಿಸೂ ಮೈಕಿನ್ಯಾಗೇ ಇಳಿಸಬೇಕು. ಅದನ್ನ ಪ್ರೋಗ್ರಾಮಿಗೆ ಮೊದಲು ಜೋರಾಗಿ ಹಾಡಿಸಿ ನೋಡ್ರಿ, "ಹಲೋ ಹಲೋ ಚೆಕ್" ಅಂದ್ರ ಏನೂ ಗೊತ್ತಾಗಂಗಿಲ್ಲ.

ಗಿಟಾರಿನ ಸೆಟ್ ಬಗ್ಗೆ ನಮ್ಮ ಹುಡುಗ ಭಾಳ ಖುಷಿ. ಗಿಟಾರಿಗೆ ಸಿಗಿಸೂ ಕೇಬಲ್ ಜೊತಿಗೇ ಬರ್ತೈತಿ, ರಿಸೀವರಿನ ದಪ್ಪ ಜ್ಯಾಕಿನಿಂದ ಪೆಡಲಿಗೆ, ಅಲ್ಲಿಂದ ಆಂಪಿಗೆ. ಮೊದಲ ದಿನ ಅವ "ಮಾಮಾ, ದನಿ ಭಾಳ ಚುರುಕಾತು" ಅಂದ. ಖರೇನೇ ಐತಿ, ಉದ್ದ ಕೇಬಲ್ ಗಿಟಾರಿನ ಮ್ಯಾಲಿನ ಸ್ವರದ ಹೊಳಪನ್ನ ಸ್ವಲ್ಪ ತಿಂತೈತಿ, ಕೇಬಲ್ ಹೋದ ಮ್ಯಾಲೆ ಆ ಹೊಳಪು ತಿರಗಿ ಬಂತು. ಟೋನ್ ನಾಬ್ ಒಂಚೂರು ಇಳಿಸಿದ, ಮುಗೀತು. ಡಬ್ಬೀನ ಗಿಟಾರಿನ ಪಟ್ಟಿಗೆ ಸಿಗಿಸೂದು ಚಲೋ. ಆಂಟೆನಾ ಮೈಗೆ ಒತ್ತಿದ್ರ ಸಿಗ್ನಲ್ ಕಮ್ಮಿ ಆಗ್ತೈತಿ, ಪ್ಯಾಂಟಿನ ಕಿಸೆದಾಗ ಇಟ್ರಂತೂ ಇನ್ನೂ ಕೆಟ್ಟ.

ಸೆಲ್ ಬಗ್ಗೆ ಜಿಪುಣತನ ಬ್ಯಾಡ. ಎರಡು ಡಬಲ್ ಎ ಸೆಲ್, ಆಲ್ಕಲೈನ್ ಹಾಕಿದ್ರ 14 ತಾಸಿನ ತನಕ ಅಂತ ಕಂಪನಿ ಹೇಳ್ತೈತಿ. ನಾವು ಪ್ರತಿ ಪ್ರೋಗ್ರಾಮಿಗೆ ಹೊಸಾವು ಹಾಕ್ತೀವಿ, ಅರ್ಧ ಆದವು ಮನಿ ಗಡಿಯಾರಕ್ಕ, ಟಾರ್ಚಿಗೆ ಹೋಗ್ತಾವು. ಮದುವಿ ಮುಹೂರ್ತದ ಹಾಡಿನ್ಯಾಗ ಮೈಕ್ ಸತ್ರ ಆ ಮನಿಯವರಿಗೆ ಆ ಗಳಿಗಿ ತಿರಗಿ ಬರಂಗಿಲ್ಲ, ಅದರ ಮುಂದ ಸೆಲ್ಲಿನ ರೊಕ್ಕ ಏನೂ ಅಲ್ಲ. ಮನಿಗೆ ಬಂದ ಮ್ಯಾಲೆ ಸೆಲ್ ತಗದಿಡ್ರಿ, ಒಳಗೇ ಸೋರಿ ಸ್ಪ್ರಿಂಗಿಗೆ ತುಕ್ಕು ಹಿಡದ್ರ ಮೈಕೇ ಹೋಗ್ತೈತಿ. ವೈರಿನ ಮೈಕ್ ಒಂದು ಸ್ಟೇಜಿನ ಪಕ್ಕ ತಯಾರ್ ಇರಲಿ, ನಾವು ಈಗೂ ಇಡ್ತೀವಿ.

ಇನ್ನ ಕೂಗಾಟ, ಅಂದ್ರ ಸ್ಪೀಕರ್ ಕುಯ್ಯ್ ಅನ್ನೂದು. ಇದಕ್ಕ ವೈರ್‌ಲೆಸ್ ಕಾರಣ ಅಂತ ಭಾಳ ಮಂದಿ ತಿಳ್ಕೊಂಡಾರ, ಹಂಗಲ್ಲ. ಕೈಯಾಗ ಮೈಕ್ ಹಿಡದವರು ಓಡಾಡಿ ಸ್ಪೀಕರಿನ ಮುಂದ ಬರ್ತಾರ, ಅದರಿಂದ ಆಗೂದು. ಎರಡನೇ ಕಾರಣ ಮೈಕಿನ ಜಾಳಿಗಿ ಮ್ಯಾಲೆ ಮುಷ್ಟಿ ಹಿಡಿಯೂದು. ಈ ಮೈಕ್ ಮುಂದಿನ ದನಿ ಜಾಸ್ತಿ, ಹಿಂದಿನ ದನಿ ಕಮ್ಮಿ ಹಿಡಿಯೂವಂಗ ಮಾಡಿದ್ದು, ಜಾಳಿಗಿ ಮುಚ್ಚಿದ್ರ ಆ ಗುಣಾನೇ ಹೋಗಿ ಎಲ್ಲಾ ಕಡಿಂದ ಹಿಡಿಯಾಕತ್ತತೈತಿ, ಕೂಗ್ತೈತಿ. ಸಣ್ಣ ಹುಡುಗರು ಹಾಡಾಕ ಬಂದಾಗ ನಾನು ಮೊದಲು ಅವರ ಕೈ ಹಿಡದು ನಡುವಿಗೆ ಸರಿಸ್ತೀನಿ, ತಂಗಿ, ಇಲ್ಲಿ ಹಿಡಿಯವ್ವಾ, ಬಾಯಿ ಹತ್ರ ಇರಲಿ ಅಂತ. ತೀರ ಕೆಳಗೂ ಹಿಡೀಬಾರದು, ಆಂಟೆನಾ ಅಲ್ಲಿ ತಳಕ್ಕ ಇರ್ತೈತಿ.

ಕೊರತಿ ಇಲ್ಲಂತಲ್ಲ. ಈ ಸಣ್ಣ ರಿಸೀವರಿನ ಆಂಟೆನಾ ಒಳಗ ಇರ್ತಾವು, ಬಿಚ್ಚಿ ದೂರ ಇಡಾಕ ಬರಂಗಿಲ್ಲ, ಅದು ಬೇಕಂದ್ರ ಇದೇ ಸಾಲಿನ್ಯಾಗ ರ‍್ಯಾಕಿನ ಮಾಡೆಲ್ ಐತಿ, ರೊಕ್ಕಾನೂ ಜಾಸ್ತಿ. ಚಾನೆಲ್ ಕೈಲೆ ಕೂಡಿಸ್ಬೇಕು, ಮ್ಯಾಲಿನ ದರ್ಜೆದ ಸೆಟ್ಟಿನ್ಯಾಗ ಇರೂವಂಗ ಮೈಕ್ ಎದುರಿಗೆ ಹಿಡದ್ರ ತಾನೇ ಕೂಡೂದಿಲ್ಲ. ಒಂದು ಪಟ್ಟ್ಯಾಗ ಹೆಚ್ಚಂದ್ರ 12 ಸೆಟ್ ಅಂತ ಕಂಪನಿ ಹೇಳ್ತೈತಿ, ದೊಡ್ಡ ನಾಟಕದ ತಂಡದವರು ಇದನ್ನ ಲೆಕ್ಕಕ್ಕ ಇಟಗೊಂಡು ಮ್ಯಾಲಿನ ಮಾಡೆಲ್ ನೋಡೂದು ಚಲೋ. ಬರೇ ಕುಂತು ಭಜನಿ ಮಾಡೂವರಿಗೆ ಇದು ಬ್ಯಾಡ, ಅದೇ ರೊಕ್ಕದಾಗ ವೈರಿನ ಚಲೋ ಮೈಕ್ ನಾಲ್ಕೈದು ಬರ್ತಾವು, ದನೀನೂ ಕಮ್ಮಿ ಇರಂಗಿಲ್ಲ.

ನಮ್ಮ ಎರಡು ಸೆಟ್ಟಿಗೆ ಒಂದು ಇಡೀ ಹಂಗಾಮಿನ ಗಳಿಕಿ ಹೋತು, ಎಲ್ಲಾರೂ ಒಪ್ಪೇ ಕೊಟ್ರು. ಮೊನ್ನೆ ಶಿರಹಟ್ಟಿ ಕಡೆ ಪ್ರೋಗ್ರಾಮಿನ್ಯಾಗ ಕಾಕಾ ಕೊನೀ ಪದಾ ಹಾಡಿಕೋತ ಸ್ಟೇಜ್ ಇಳದು, ಹಿಂದ ಗ್ವಾಡಿಗೆ ಆತು ನಿಂತ ಹೆಣ್ಮಕ್ಕಳ ತನಕ ಹೋಗಿ, ಒಬ್ಬ ಮುದುಕಿ ಬಾಯಿಗೆ ಮೈಕ್ ಹಿಡದ್ರು. ಆಕಿ ಪಲ್ಲವಿ ಪೂರ್ತಿ ಹಾಡಿದ್ಲು, ಎಲ್ಲೂ ಕಡೀಲಿಲ್ಲ.